ತಳ ಹಿಡಿಯದ ಕಬ್ಬಿಣ

ಮೊನ್ನೆ ಬೆನ್ಸನ್ ಟೌನಿನ ನಮ್ಮ ಮನೆ ಗೇಟಿಗೆ ರೆಡ್ ಆಕ್ಸೈಡ್ ಬಳಿಯಲು ಪೇಂಟರ್ ಬಂದಿದ್ದರು. ಹಳೇ ಡಬ್ಬಿ ತೆರೆದರೆ ಮೇಲೆ ತಿಳಿ ಎಣ್ಣೆ, ಅಡಿಯಲ್ಲಿ ಗಟ್ಟಿ ಕೆಸರು. "ಕಬ್ಣದ್ ಪುಡಿ ಅಲ್ವಾ ಸಾರ್, ಕೂತ್ಬಿಡುತ್ತೆ" ಅನ್ನುತ್ತಾ ಕೋಲು ಹಾಕಿ ಕಲಕಿದರು. ಎಂಜಿನಿಯರುಗಳನ್ನು ದಶಕಗಳ ಕಾಲ ಕಾಡಿದ ತೊಂದರೆಯೂ ಇದೇ.

1940ರ ದಶಕದ ಕೊನೆಯಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಜೇಕಬ್ ರಾಬಿನೋ ಎಣ್ಣೆಗೆ ಕಬ್ಬಿಣದ ಪುಡಿ ಬೆರೆಸಿ ಒಂದು ಕ್ಲಚ್ ಮಾಡಿದರು. ಅದರ ತಂತಿ ಸುರುಳಿಗೆ ಕರೆಂಟ್ ಕೊಟ್ಟರೆ ಅದು ಆಯಸ್ಕಾಂತವಾಗಿ, ಕಣಗಳು ಸರಪಳಿಯಂತೆ ಸಾಲುಗಟ್ಟುತ್ತವೆ. ಕಣ್ಣು ಮಿಟುಕಿಸುವುದರೊಳಗೆ ಎಣ್ಣೆ ಬಿಗಿಯುತ್ತದೆ. ಕರೆಂಟ್ ತೆಗೆದರೆ ಮತ್ತೆ ಹರಿಯುತ್ತದೆ. ಇದೇ ಮ್ಯಾಗ್ನೆಟೋರಿಯಾಲಜಿಕಲ್ ದ್ರವ, ಚಿಕ್ಕದಾಗಿ ಎಂಆರ್ ದ್ರವ.

ಬಿಗಿಯುವುದನ್ನು ಬೇಗ ಕಲಿತರು, ಕಣಗಳನ್ನು ತೇಲಿಸುವುದು ಸುಲಭವಾಗಲಿಲ್ಲ. ಕಬ್ಬಿಣ ನೀರಿಗಿಂತ ಸುಮಾರು 8 ಪಟ್ಟು ಭಾರ, ಎಣ್ಣೆಯೋ ನೀರಿಗಿಂತ ಹಗುರ. ಹಾಗಾಗಿ ಈ ದ್ರವ ಬಹುಕಾಲ ಮೂಲೆ ಸೇರಿತು. 1990ರ ದಶಕದಲ್ಲಿ ಲಾರ್ಡ್ ಕಂಪನಿ ಅದನ್ನು ಲಾರಿ ಡ್ರೈವರ್ ಸೀಟಿನ ಕುಲುಕಾಟ ತಗ್ಗಿಸುವ ಡ್ಯಾಂಪರಿಗೆ ತಂದಿತು. 2002ರಲ್ಲಿ ಕ್ಯಾಡಿಲ್ಯಾಕ್ ಕಾರಿನ ಶಾಕ್ ಅಬ್ಸಾರ್ಬರಿಗೂ ಬಂತು. ಗಾಡಿ ಓಡುವಾಗ ಡ್ಯಾಂಪರಿನೊಳಗಿನ ಪಿಸ್ಟನ್ನೇ ಕೋಲಿನ ಕೆಲಸ ಮಾಡುತ್ತದೆ. ಆದರೆ ಭೂಕಂಪದ ಅಲುಗಾಟ ತಡೆಯಲೆಂದು ಕಟ್ಟಡದಲ್ಲಿಟ್ಟ ಡ್ಯಾಂಪರ್ ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತದೆ. ಅದನ್ನು ಕಲಕುವವರು ಯಾರು?

ಇದಕ್ಕೆ ಕಂಡುಕೊಂಡ ಉಪಾಯಗಳಲ್ಲೊಂದು, ಕಣಕ್ಕೇ ಅಂಗಿ ತೊಡಿಸುವುದು. ಹೋಟೆಲಿನಲ್ಲಿ ಊಟವಾದ ಮೇಲೆ ಕೊಡುವ ಸಕ್ಕರೆ ಸೋಂಪಿನಂತೆ, ಕೆಲವೇ ಮೈಕ್ರಾನ್ ಗಾತ್ರದ ಕಬ್ಬಿಣದ ಗುಂಡಿನ ಸುತ್ತ ಪಾಲಿಮರ್ ಬೆಳೆಸುತ್ತಾರೆ. ಅದು ಪಾಲಿಸ್ಟೈರಿನ್ ಇರಬಹುದು, ಅಂಗಡಿ ಬೋರ್ಡಿನ ಅಕ್ರಿಲಿಕ್ ಇರಬಹುದು. ಕಣದ ಸರಾಸರಿ ಸಾಂದ್ರತೆ ಇಳಿದು, ಮುಳುಗುವುದು ನಿಧಾನವಾಗುತ್ತದೆ. ಕಣಕ್ಕೆ ಕಣ ಅಂಟುವುದು ಕಮ್ಮಿಯಾದ್ದರಿಂದ, ಕೂತರೂ ಬೇಗ ಏಳುತ್ತದೆ. ತುಕ್ಕಿನಿಂದಲೂ ರಕ್ಷಣೆ.

ಆದರೆ ಪ್ಲಾಸ್ಟಿಕ್ಕನ್ನು ಆಯಸ್ಕಾಂತ ಎಳೆಯುವುದಿಲ್ಲವಲ್ಲ! ಅಂಗಿ ದಪ್ಪವಾದಷ್ಟೂ ದ್ರವದ ಬಿಗಿ ಸಡಿಲ. ತೀರಾ ತೆಳುವಾದರೆ ಕಣ ಮತ್ತೆ ತಳಕ್ಕೆ. ದರ್ಜಿಯ ಜಾಣ್ಮೆಯೆಲ್ಲ ಈ ಅಳತೆಯಲ್ಲಿದೆ. ನಮ್ಮ ಸುರತ್ಕಲ್ಲಿನ ಎನ್‌ಐಟಿಕೆ ತಾಂತ್ರಿಕ ಸಂಸ್ಥೆಯಲ್ಲೂ ಎಂಆರ್ ದ್ರವ ತಯಾರಿಸಿ, ಡ್ಯಾಂಪರಿಗೆ ತುಂಬಿ ಪರೀಕ್ಷಿಸಿದ್ದಾರೆ.

ಅಂದು ಮಧ್ಯಾಹ್ನ ಊಟ ಮುಗಿಸಿ ಬಂದ ಪೇಂಟರ್, ಬ್ರಷ್ ಅದ್ದುವ ಮುಂಚೆ ಮತ್ತೆ ಕೋಲು ಕೈಗೆತ್ತಿಕೊಂಡರು. ಡಬ್ಬಿಗಾದರೆ ಅದು ಸಾಕು. ಬೆಸೆದು ಮುಚ್ಚಿದ ಸಿಲಿಂಡರಿಗೆ ಕೋಲು ಇಳಿಯುವುದಿಲ್ಲ. ಅಲ್ಲಿ ಕಣವನ್ನು ಎತ್ತಿ ಹಿಡಿಯಬೇಕಾದದ್ದು ಅದರ ಅಂಗಿಯೇ.