ಹೋಟೆಲಿನಲ್ಲಿ ಮುದ್ದೆ ಕೇಳೋಣ

(ಆಲಸನತ್ತಂ ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)



ಇವತ್ತು ಊಟದ ವಿಷಯ ಮಾತಾಡೋಣ. ಮನೆ ಊಟ ಅಲ್ಲ, ಹೋಟೆಲ್ ಊಟ.

ನಾವು ಹೋಟೆಲಿಗೆ ಯಾವಾಗ ಹೋಗುತ್ತೇವೆ? ಹೊಸೂರಿಗೆ ಆಸ್ಪತ್ರೆಗೆ ಹೋದಾಗ. ತಾಲ್ಲೂಕು ಕಚೇರಿಗೆ ಹೋದಾಗ. ರಾಯಕೋಟೆ ಮಂಡಿಗೆ ಟೊಮೇಟೊ ಹಾಕಿ ಬರುವಾಗ. ಹೊಟ್ಟೆ ಹಸಿಯುತ್ತದೆ. ಒಳಗೆ ಹೋಗಿ ಕೂರುತ್ತೇವೆ. ಗೋಡೆ ಮೇಲೆ ಬೋರ್ಡು ಇರುತ್ತದೆ. ಓದಲು ಬಾರದವರು ಏನು ಮಾಡುತ್ತಾರೆ? ಪಕ್ಕದವರ ಎಲೆ ನೋಡಿ, "ನನಗೂ ಅದೇ ಕೊಡಪ್ಪಾ" ಅಂತಾರೆ. ಬೆಲೆ ಎಷ್ಟು ಅಂತ ತಿಳಿಯುವುದು ತಿಂದಾದ ಮೇಲೆ. ಎಷ್ಟೋ ಹೆಂಗಸರು ಈ ಅಂಜಿಕೆಯಿಂದಲೇ ಹೋಟೆಲಿನ ಒಳಗೆ ಕಾಲಿಡುವುದಿಲ್ಲ. ಸಂಜೆಯವರೆಗೆ ಬರೀ ಟೀ ಕುಡಿದು ಮನೆಗೆ ಬರುತ್ತಾರೆ.

ಈಗ ನಿಮಗೆ ಅಕ್ಷರ ಬಂದಿದೆ. ಬೋರ್ಡು ಓದಬಹುದು. ಓದಿ ನೋಡಿದರೆ ಏನು ಕಾಣುತ್ತದೆ? ಇಡ್ಲಿ, ದೋಸೆ, ಪೂರಿ, ಪರೋಟ, ಫ್ರೈಡ್ ರೈಸ್. ಮುದ್ದೆ ಎಲ್ಲಿದೆ? ಹುರುಳಿಕಾಳು ಸಾರು ಎಲ್ಲಿದೆ? ನಮ್ಮ ಹೊಲದಲ್ಲಿ ಬೆಳೆದದ್ದು ಆ ಬೋರ್ಡಿನಲ್ಲಿ ಕಾಣುವುದೇ ಅಪರೂಪ.

ನಮ್ಮದು ರಾಗಿ ಸೀಮೆ. ಹೊಸೂರು, ಡೆಂಕಣಿಕೋಟೆ, ತಳಿ, ಕೆಲಮಂಗಲ, ಶೂಲಗಿರಿ, ಎಲ್ಲಿ ಹೋದರೂ ರಾಗಿ ಹೊಲ. ನಾವು ಮುದ್ದೆ ಅಂತೀವಿ. ತಮಿಳಿನವರು ಕಳಿ ಅಂತಾರೆ. ತೆಲುಗಿನವರು ಸಂಗಟಿ ಅಂತಾರೆ. ಹೆಸರು ಮೂರು, ತಟ್ಟೆಯಲ್ಲಿ ಇರುವುದು ಒಂದೇ. ತಮಿಳು ಬೋರ್ಡಿನಲ್ಲಿ ಕೇಳ್ವರಗು ಅಂತ ಇದ್ದರೆ ಅದೂ ನಮ್ಮ ರಾಗಿಯೇ.

ರಾಗಿಯ ಗುಣ ನಮ್ಮ ಹಿರಿಯರಿಗೆ ಗೊತ್ತಿತ್ತು. ಸುಮಾರು 500 ವರ್ಷದ ಹಿಂದೆ ಕನಕದಾಸರು 'ರಾಮಧಾನ್ಯ ಚರಿತೆ' ಎಂಬ ಕಾವ್ಯ ಬರೆದರು. ಅದರಲ್ಲಿ ಅಕ್ಕಿಗೂ ರಾಗಿಗೂ ಜಗಳ. ನಾನು ಹೆಚ್ಚು, ನಾನು ಹೆಚ್ಚು ಅಂತ. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸಿದ. ತೆಗೆದು ನೋಡಿದರೆ ಅಕ್ಕಿ ಕೆಟ್ಟಿತ್ತು. ರಾಗಿ ಗಟ್ಟಿಯಾಗಿಯೇ ಇತ್ತು. ರಾಗಿ ಗೆದ್ದಿತು. ಇದು ಕತೆ ನಿಜ. ಆದರೆ ಒಳಗೆ ರೈತರ ಅನುಭವ ಇದೆ. ಚೆನ್ನಾಗಿ ಒಣಗಿಸಿ ಇಟ್ಟ ರಾಗಿಗೆ ಹುಳ ಬೇಗ ಹತ್ತುವುದಿಲ್ಲ. ವರ್ಷಗಟ್ಟಲೆ ಉಳಿಯುತ್ತದೆ.

ರಾಗಿಗೆ ನೀರು ಕಡಿಮೆ ಸಾಕು. ಮಳೆ ನಂಬಿ ಬೆಳೆಯಬಹುದು. ಬತ್ತಕ್ಕೆ ಹಾಗಲ್ಲ, ಗದ್ದೆಯಲ್ಲಿ ನೀರು ನಿಲ್ಲಬೇಕು. ಬೋರ್‌ವೆಲ್ ಆಳಕ್ಕೆ, ಇನ್ನೂ ಆಳಕ್ಕೆ ಹೋಗುತ್ತಿರುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಇನ್ನೊಂದು ಲೆಕ್ಕ ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಸುಮಾರು 10 ಮಾತ್ರ. ಮೂಳೆಗೆ, ಹಲ್ಲಿಗೆ ಸುಣ್ಣದ ಅಂಶ ಬೇಕು. ಬೆಳೆಯುವ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಇನ್ನೂ ಬೇಕು. ಒಂದು ಎಚ್ಚರಿಕೆ ಮಾತು. ಸಕ್ಕರೆ ಕಾಯಿಲೆ ಇರುವವರು "ರಾಗಿ ತಾನೇ, ಎಷ್ಟಾದರೂ ತಿನ್ನಬಹುದು" ಅನ್ನಬಾರದು. ಅದರಲ್ಲೂ ಪಿಷ್ಟ ಇದೆ. ಮಿತಿಯಾಗಿ, ಸೊಪ್ಪು ಕಾಳಿನ ಜೊತೆ ತಿನ್ನಬೇಕು.

ಸರಕಾರಕ್ಕೂ ಇದು ತಿಳಿದಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಸಾರಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ತಮಿಳುನಾಡು ಸರಕಾರ ನೀಲಗಿರಿ, ಧರ್ಮಪುರಿ ಜಿಲ್ಲೆಗಳ ರೇಷನ್ ಅಂಗಡಿಯಲ್ಲಿ ರಾಗಿ ಕೊಡಲು ಶುರು ಮಾಡಿತು. 2 ಕಿಲೋ ಅಕ್ಕಿಯ ಬದಲು 2 ಕಿಲೋ ರಾಗಿ.

ಹಾಗಾದರೆ ಹೋಟೆಲಿನಲ್ಲಿ ಮುದ್ದೆ ಯಾಕೆ ಸಿಗುವುದಿಲ್ಲ?

ಮುದ್ದೆ ಬಿಸಿ ಇದ್ದಾಗಲೇ ಚೆನ್ನ. ಆರಿದರೆ ಗಟ್ಟಿ. ಬೆಳಿಗ್ಗೆ ಮಾಡಿ ಮಧ್ಯಾಹ್ನ ಬಡಿಸಲು ಆಗುವುದಿಲ್ಲ. ತಿರುವಲು ರಟ್ಟೆಯಲ್ಲಿ ಶಕ್ತಿ ಬೇಕು. ಅನ್ನವಾದರೆ ಒಂದೇ ಸಲ ಬೇಯಿಸಿ ಇಡಬಹುದು. ಇದು ಒಂದು ಕಾರಣ. ಇನ್ನೊಂದು ಕಾರಣ ನಾವೇ. ನಾವು ಕೇಳುವುದಿಲ್ಲ. ಮುದ್ದೆ ಬಡವರ ಊಟ, ಹೋಟೆಲಿನಲ್ಲಿ ಕೇಳಿದರೆ ನಗುತ್ತಾರೆ ಅನ್ನುವ ನಾಚಿಕೆ. ಬೆಂಗಳೂರು, ಮಂಡ್ಯ, ಮೈಸೂರು ಕಡೆ ನೋಡಿ. ಮುದ್ದೆ ಊಟಕ್ಕೆಂದೇ ಹೋಟೆಲುಗಳಿವೆ. ಕಾರಿನಲ್ಲಿ ಬಂದವರೂ, ಕೂಲಿಯವರೂ ಒಂದೇ ಬೆಂಚಿನಲ್ಲಿ ಕೂತು ಉಣ್ಣುತ್ತಾರೆ.

ಕೇಳಿದರೆ ಹೇಗಿರುತ್ತದೆ? ನೋಡಿ:

"ಅಣ್ಣಾ, ಮುದ್ದೆ ಇದೆಯಾ?"

"ಇಲ್ಲಕ್ಕಾ. ಯಾರೂ ಕೇಳಲ್ಲ."

"ನಾವು ಕೇಳ್ತಾ ಇದ್ದೀವಲ್ಲಾ! ಮಂಗಳವಾರ ಮಂಗಳವಾರ ಐದಾರು ಜನ ಬರ್ತೀವಿ. ಒಂದು ಗಂಟೆಗೆ ಸರಿಯಾಗಿ ಬರ್ತೀವಿ. ಮಾಡಿಕೊಡ್ತೀರಾ?"

"ಹೊತ್ತಿಗೆ ಸರಿಯಾಗಿ ಬರೋದಾದ್ರೆ ಯಾಕಾಗಲ್ಲಕ್ಕಾ? ಮಾಡೋಣ."

ಇಷ್ಟೇ. ಹೋಟೆಲಿನವರು ಗಿರಾಕಿ ಕೇಳಿದ್ದನ್ನು ಮಾಡುತ್ತಾರೆ.

ಇನ್ನು ಹಣದ ಲೆಕ್ಕ. 2025-26ಕ್ಕೆ ಕೇಂದ್ರ ಸರಕಾರ ರಾಗಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಅಂದರೆ ಕಿಲೋಗೆ ಸುಮಾರು 49 ರೂಪಾಯಿ. ಒಂದು ಕಿಲೋ ಹಿಟ್ಟಿನಲ್ಲಿ ಎಂಟು ಮುದ್ದೆಯಾದರೂ ಆಗುತ್ತದೆ. ಒಂದು ಮುದ್ದೆಗೆ 20 ರೂಪಾಯಿ ಅಂತ ಇಟ್ಟುಕೊಳ್ಳಿ. ಎಂಟಕ್ಕೆ 160 ರೂಪಾಯಿ. ಗ್ಯಾಸು, ಬಾಡಿಗೆ, ಕೂಲಿ ಕಳೆಯಬೇಕು, ನಿಜ. ಕಳೆದರೂ, ರಾಗಿ ಮಾರಿದವರಿಗಿಂತ ಮುದ್ದೆ ಮಾರಿದವರಿಗೆ ಏನಾದರೂ ಉಳಿಯುತ್ತದೆ. ಆ ಉಳಿಕೆ ನಮ್ಮ ಊರಲ್ಲೇ ಯಾಕೆ ಇರಬಾರದು?

ಅದನ್ನು ಮಾಡುವವರು ಯಾರು? ಅಕ್ಕಂದಿರೇ, ನೀವೇ. ತಮಿಳುನಾಡಿನ ಮಹಿಳಾ ಸ್ವಸಹಾಯ ಸಂಘಗಳು ಮೊದಲು ಶುರುವಾದದ್ದು 1989ರಲ್ಲಿ, ಧರ್ಮಪುರಿ ಜಿಲ್ಲೆಯಲ್ಲಿ. ಆಗ ನಮ್ಮ ಹೊಸೂರು, ಕೃಷ್ಣಗಿರಿ ಎಲ್ಲ ಆ ಜಿಲ್ಲೆಗೇ ಸೇರಿದ್ದವು. ಕೃಷ್ಣಗಿರಿ ಬೇರೆ ಜಿಲ್ಲೆ ಆದದ್ದು 2004ರಲ್ಲಿ. 2013ರಲ್ಲಿ ಚೆನ್ನೈಯಲ್ಲಿ ಅಮ್ಮ ಉಣವಗಂ ಶುರುವಾದಾಗ ಅಡುಗೆಗೆ ನಿಂತವರು ಸಂಘದ ಹೆಂಗಸರೇ. ಕೇರಳದಲ್ಲಿ ಕುಟುಂಬಶ್ರೀ ಸಂಘದ ಹೆಂಗಸರು ತಾವೇ ಹೋಟೆಲ್ ನಡೆಸುತ್ತಾರೆ. ನಮ್ಮಿಂದ ಯಾಕಾಗದು? ಹೊಸೂರಿನಲ್ಲಿ ಅಶೋಕ್ ಲೇಲ್ಯಾಂಡ್, ಟಿ.ವಿ.ಎಸ್., ಟೈಟಾನ್ ಕಾರ್ಖಾನೆಗಳಿವೆ. ದೂರದ ಊರಿಂದ ಬಂದ ಹುಡುಗರು ಬಾಡಿಗೆ ಕೋಣೆಗಳಲ್ಲಿದ್ದಾರೆ. ಮನೆ ಊಟಕ್ಕೆ ಹಂಬಲಿಸುವವರು ಅವರಲ್ಲಿ ಎಷ್ಟು ಜನ!

ದೊಡ್ಡ ಕಟ್ಟಡ ಬೇಡ. ನಾಲ್ಕು ಬೆಂಚು, ನೆರಳು, ಕುಡಿಯಲು ಶುದ್ಧ ನೀರು, ಕೈ ತೊಳೆಯಲು ಜಾಗ ಸಾಕು. ಆ ಕಾಲದಲ್ಲಿ ಬಂದದ್ದನ್ನು ಮಾಡಿ. ಚಳಿಗಾಲದಲ್ಲಿ ಅವರೆಕಾಯಿ, ಹಿದುಕಿದ ಬೇಳೆ ಸಾರು. ಮಳೆ ಬಿದ್ದಾಗ ಸೊಪ್ಪಿನ ಬಸ್ಸಾರು. ಬೇಸಿಗೆಯಲ್ಲಿ ಅಂಬಲಿ, ಮಜ್ಜಿಗೆ, ಮಾವಿನಕಾಯಿ ಚಟ್ನಿ. ಮಂಡಿಯಲ್ಲಿ ಟೊಮೇಟೊ ಬೆಲೆ ಬಿದ್ದ ದಿನ ರಸ್ತೆಗೆ ಸುರಿಯುವ ಬದಲು ನಾಲ್ಕು ಬುಟ್ಟಿಯಾದರೂ ಗೊಜ್ಜಾಗಲಿ. ಬಾಳೆ ಎಲೆಯಲ್ಲಿ ಬಡಿಸಿ. ಉಂಡ ಎಲೆ ಹಸುವಿಗೆ, ಇಲ್ಲವೇ ಗೊಬ್ಬರಕ್ಕೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ, ಇವನ್ನೆಲ್ಲ ತಮಿಳುನಾಡಿನಲ್ಲಿ 2019ರ ಜನವರಿ 1ರಿಂದ ನಿಷೇಧ ಮಾಡಿದ್ದಾರೆ.

ಕೊನೆಯದಾಗಿ, ಹೋಟೆಲಿಗೆ ಹೋದಾಗ ಓದಬೇಕಾದದ್ದು ಮೂರು.

ಒಂದು, ದರದ ಬೋರ್ಡು. ಕೂರುವ ಮೊದಲೇ ಓದಿ.

ಎರಡು, ಪರವಾನಗಿ ಹಾಳೆ. ಆಹಾರ ಸುರಕ್ಷತೆ ಇಲಾಖೆ ಕೊಟ್ಟ 14 ಅಂಕಿಗಳ ನಂಬರ್ ಅದರಲ್ಲಿ ಇರುತ್ತದೆ. ಹೋಟೆಲಿನಲ್ಲಿ ಕಾಣುವಂತೆ ಅದನ್ನು ಹಾಕಿರಬೇಕು.

ಮೂರು, ಬಿಲ್ಲು. ಮುದ್ದೆ ಊಟ 70 ರೂಪಾಯಿ, ಮೊಟ್ಟೆ 10, ಮಜ್ಜಿಗೆ 10 ಅಂತ ಇಟ್ಟುಕೊಳ್ಳಿ. ಎರಡು ಊಟ, ಒಂದು ಮೊಟ್ಟೆ, ಎರಡು ಮಜ್ಜಿಗೆ ತಗೊಂಡಿರಿ. ಎಷ್ಟಾಯಿತು? 140, ಅದಕ್ಕೆ 10, ಅದಕ್ಕೆ 20. ಒಟ್ಟು 170. ಬಿಲ್ಲಿನಲ್ಲಿ 190 ಅಂತ ಇದ್ದರೆ ಮೆಲ್ಲಗೆ ಕೇಳಿ, "ಅಣ್ಣಾ, ಈ 20 ಯಾವುದಕ್ಕೆ?" ಕೆಲವು ಹೋಟೆಲಿನಲ್ಲಿ ತೆರಿಗೆ ಸೇರಿಸುತ್ತಾರೆ. ಸಾಮಾನ್ಯವಾಗಿ ಅದು ನೂರಕ್ಕೆ 5. ಅದನ್ನೂ ಬಿಲ್ಲಿನಲ್ಲಿ ಬೇರೆಯಾಗಿ ಬರೆದಿರಬೇಕು. ಕೇಳುವುದು ಜಗಳವಲ್ಲ. ಅದು ನಮ್ಮ ಹಕ್ಕು.

ಬೇಕಾದಷ್ಟೇ ಬಡಿಸಿಕೊಳ್ಳಿ. ಎಲೆಯಲ್ಲಿ ಬಿಟ್ಟ ಒಂದೊಂದು ತುತ್ತಿನ ಹಿಂದೆಯೂ ಯಾರದೋ ಹೊಲದ ಬೆವರಿದೆ.

ಮುಂದಿನ ವಾರ ಬರುವಾಗ ಎಲ್ಲರೂ ಒಂದು ಕೆಲಸ ಮಾಡಿ ಬನ್ನಿ. ನಿಮ್ಮ ಹತ್ತಿರದ ಹೋಟೆಲಿನ ಬೋರ್ಡು ಓದಿ. ನಮ್ಮ ಹೊಲದಲ್ಲಿ ಬೆಳೆಯುವ ಯಾವ ಯಾವ ಪದಾರ್ಥ ಅದರಲ್ಲಿದೆ, ಯಾವುದು ಇಲ್ಲ, ಪಟ್ಟಿ ಬರೆದು ತನ್ನಿ. ಇಲ್ಲದ್ದನ್ನು ಹೇಗೆ ಬರಮಾಡುವುದು ಅಂತ ಕೂತು ಮಾತಾಡೋಣ.