ಇಲಿ ಹಿಕ್ಕೆಯ ಧೂಳು



ನಾವು ಇಲಿಜ್ವರ ಎನ್ನುವುದು ಬ್ಯಾಕ್ಟೀರಿಯಾದಿಂದ ಬರುತ್ತದೆ. ಹಂಟಾ ಬೇರೆ, ಅದು ವೈರಸ್. 1993ರಲ್ಲಿ ಅಮೆರಿಕದ ನೈರುತ್ಯ ಭಾಗದ ನವಾಹೊ ಜನರ ನಾಡಿನಲ್ಲಿ ಗಟ್ಟಿಮುಟ್ಟಾದ ಯುವಕರು ಜ್ವರ ಬಂದು ಕೆಲವೇ ದಿನಗಳಲ್ಲಿ ಉಸಿರುಕಟ್ಟಿ ಸತ್ತರು. ಹಿಂದಿನ ಮಳೆ-ಹಿಮದಿಂದ ಕಾಡಿನ ಬೀಜ ಹೆಚ್ಚಿ, ಡೀರ್ ಮೌಸ್ ಎಂಬ ಇಲಿಗಳೂ ಹೆಚ್ಚಿದ್ದವು. ಆ ಇಲಿಗೆ ಕಾಯಿಲೆಯೇ ಇಲ್ಲ, ಅದೇ ಸೋಜಿಗ! ಅದರ ಮೂತ್ರ, ಹಿಕ್ಕೆ ಒಣಗಿ ಧೂಳಾಗಿ ನಮ್ಮ ಉಸಿರಿಗೆ ಸೇರುತ್ತದೆ.

ಆ ಇಲಿ ನಮ್ಮ ದೇಶದ್ದಲ್ಲ, ನಿಜ. ಆದರೆ ಬಂದರು, ಗೋದಾಮುಗಳ ಕಂದು ಇಲಿಯೂ ಸಿಯೋಲ್ ಎಂಬ ಹಂಟಾ ವೈರಸನ್ನು ಹೊರಬಲ್ಲದು. ರಜೆ ಮುಗಿದು ಶಾಲೆಯ ಸ್ಟೋರ್ ರೂಮು ತೆರೆದಾಗ ಮಕ್ಕಳ ಕೈಗೆ ಪೊರಕೆ ಕೊಡುವ ರೂಢಿ ನನಗೆ ಸರಿಕಾಣದು. ಕಿಟಕಿ ತೆರೆದು ಅರ್ಧ ಗಂಟೆ ಬಿಡಿ. ಹಿಕ್ಕೆಗೆ ಬ್ಲೀಚಿಂಗ್ ನೀರು ಸಿಂಪಡಿಸಿ, 5 ನಿಮಿಷ ನೆನೆದ ಮೇಲೆ ಕೈಗವಸು ತೊಟ್ಟು ದೊಡ್ಡವರೇ ಒರೆಸಿ ತೆಗೆಯಲಿ.