ಹಳೆಯ ಗರಗಸ

ನಮ್ಮ ಮನೆಯ ಹಿತ್ತಲ ಜಗಲಿಯಲ್ಲಿ ಒಂದು ಯಂತ್ರವಿದೆ. ಇಂಗ್ಲಿಷಿನವರು ಅದನ್ನು ಸ್ಕ್ರಾಲ್ ಸಾ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ನೆಲೆನಿಂತ ಹೆಸರಿಲ್ಲವಾದ್ದರಿಂದ ನಾನು ಬಳ್ಳಿಗರಗಸ ಎಂದು ಕರೆದುಕೊಂಡಿದ್ದೇನೆ. ಬಳ್ಳಿಯಂತೆ ಬಳುಕುವ ಗೆರೆಗಳನ್ನು ಮರದಲ್ಲಿ ಕೊಯ್ಯುವುದೇ ಅದರ ಕೆಲಸ. ಗರಗಸ ಎಂಬುದು ಸಂಸ್ಕೃತದ ಕ್ರಕಚ ಶಬ್ದದ ತದ್ಭವ. ಮರ ಕೊಯ್ಯುವ ಸದ್ದು ತತ್ಸಮಕ್ಕಿಂತ ತದ್ಭವದಲ್ಲಿಯೇ ಚೆನ್ನಾಗಿ ಕೇಳಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಈ ಗರಗಸವನ್ನು ರಿಪೇರಿ ಮಾಡಿಸಬೇಕೆ, ತೆಗೆದುಹಾಕಿ ಹೊಸದನ್ನು ತರಬೇಕೆ ಎಂಬ ಪ್ರಶ್ನೆ ಕಳೆದ ಮಳೆಗಾಲದಲ್ಲಿ ನನ್ನನ್ನು ಕಾಡಿತು. ಪ್ರಶ್ನೆ ಚಿಕ್ಕದು. ಅದು ನನ್ನನ್ನು ಕರೆದೊಯ್ದ ಜಾಗ ಮಾತ್ರ ನಾನು ಎಣಿಸಿದ್ದಲ್ಲ.

ಯಂತ್ರದ ಮರ್ಮ ಸರಳವಾದುದು. ಇದರ ಅಲಗು ಐದು ಅಂಗುಲ ಉದ್ದ. ಅಗಲದಲ್ಲಿ ದರ್ಭೆಯ ಎಸಳಿನಷ್ಟು. ಕೆಳಗೆ ಮೋಟಾರು ಸುತ್ತುತ್ತದೆ. ಆ ಸುತ್ತುಗತಿಯನ್ನು ಒಂದು ವಿಕೇಂದ್ರ ಚಕ್ರ ಏರಿಳಿತದ ಗತಿಯಾಗಿ ಮಾರ್ಪಡಿಸುತ್ತದೆ. ಈಚಿನ ಮಾದರಿಗಳಲ್ಲಿ ಮೇಲಿನ ತೋಳೂ ಕೆಳಗಿನ ತೋಳೂ ಜೊತೆಜೊತೆಯಾಗಿ ಆಡುವುದರಿಂದ ಅಲಗಿನ ಬಿಗಿ ಸದಾ ಒಂದೇ ಆಗಿರುತ್ತದೆ. ನನ್ನದು ಹಳೆಯ ಮಾದರಿ. ಎರಕದ ಕಬ್ಬಿಣದ ತೋಳು ಅಲುಗದೆ ನಿಂತಿರುತ್ತದೆ. ಕೆಳಗಿನ ದಂಡ ಅಲಗನ್ನು ಎಳೆಯುತ್ತದೆ, ಮೇಲಿನ ಸ್ಪ್ರಿಂಗು ಅದನ್ನು ಮರಳಿ ಸೆಳೆಯುತ್ತದೆ. ಈ ಎಳೆದಾಟದಲ್ಲಿ ಅಲಗುಗಳು ಆಗಾಗ್ಗೆ ತುಂಡಾಗುತ್ತವೆ. ಅದನ್ನು ನಾನು ಸಂಸಾರಧರ್ಮವೆಂದು ಸಹಿಸಿಕೊಂಡು ಬಂದವನು.

ಇದನ್ನು ನಾನು ಕೊಂಡದ್ದು 1988ರಲ್ಲಿ, ಅಧ್ಯಾಪಕನಾಗಿ ಸೇರಿದ ಹೊಸದರಲ್ಲಿ. ಮೈಸೂರಿನಲ್ಲಿ ವಾಸಮಾಡುವವನಿಗೆ ಮರದ ಹುಚ್ಚು ಹಿಡಿಯುವುದು ಕಷ್ಟವೇನಲ್ಲ. 1897ರ ಬೆಂಕಿಯಲ್ಲಿ ಹಳೆಯ ಅರಮನೆ ಸುಟ್ಟ ಮೇಲೆ 1912ರ ಹೊತ್ತಿಗೆ ಮುಗಿದ ಈಗಿನ ಅರಮನೆಯಲ್ಲಿ ದಂತದ ಕುಸುರಿ ಕೂರಿಸಿದ ಬೀಟೆಯ ಬಾಗಿಲುಗಳಿವೆ. ಅವುಗಳ ಮುಂದೆ ಒಮ್ಮೆ ನಿಂತರೆ ಸಾಕು. ನಮ್ಮ ಬೀದಿಯ ಕೊನೆಯಲ್ಲಿ ಆಗ ಒಬ್ಬ ಕೆತ್ತನೆಗಾರರಿದ್ದರು. ಬೀಟೆಯ ಹಲಗೆಯಲ್ಲಿ ಗುಳಿ ತೋಡಿ, ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಸಣ್ಣ ಗರಗಸದಿಂದ ಕೊಯ್ದು, ಆ ಗುಳಿಗಳಲ್ಲಿ ಕೂರಿಸುತ್ತಿದ್ದರು. ಚೂರಿಗೂ ಗುಳಿಗೂ ನಡುವೆ ಕೂದಲೆಳೆಯ ಸಂದೂ ಇರಬಾರದು. ನಾನು ಸಂಜೆ ಹೋಗಿ ಅವರ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದೆ. ಅವರು ನನಗೆ ಕಲಿಸಿದ್ದು ಒಂದೇ ಪಾಠ: ಗರಗಸವನ್ನು ಮರದ ಮೇಲೆ ನೂಕಬೇಡ, ಮರವನ್ನು ಗರಗಸಕ್ಕೆ ಒಪ್ಪಿಸು.

ನಾನು ಆನೆ, ನವಿಲುಗಳ ಗೋಜಿಗೆ ಹೋಗಲಿಲ್ಲ. ಕನ್ನಡದ ಮೇಷ್ಟ್ರಾದವನು ಕೊಯ್ದದ್ದು ಅಕ್ಷರಗಳನ್ನು. ನಮ್ಮ ಲಿಪಿಗೂ ಈ ಯಂತ್ರಕ್ಕೂ ಹೇಳಿ ಮಾಡಿಸಿದ ಹೊಂದಿಕೆ. ನೇರ ಗೆರೆಯನ್ನು ಕೊಯ್ಯಲು ಯಾವ ಗರಗಸವಾದರೂ ಸಾಕು; ಕನ್ನಡದ ಳಕಾರವನ್ನು ಕೊಯ್ಯಲು ಬಳ್ಳಿಗರಗಸವೇ ಬೇಕು. ಪ್ರತಿ ವರ್ಷ ಬೇಸಗೆಯಲ್ಲಿ ಒಂದು ವರ್ಣಮಾಲೆಯನ್ನು ಕೊಯ್ದು, ಉಜ್ಜಿ ನುಣುಪು ಮಾಡಿ, ಸಮೀಪದ ಪ್ರಾಥಮಿಕ ಶಾಲೆಗೆ ಕೊಡುವುದು ನನ್ನ ಪದ್ಧತಿ. ಒಂದನೆಯ ತರಗತಿಯ ಮಕ್ಕಳು ಬಳಪ ಹಿಡಿಯುವ ಮೊದಲು ಅಕ್ಷರದ ಅಂಚಿನ ಮೇಲೆ ಬೆರಳಾಡಿಸುತ್ತಾರೆ. ಅಕ್ಷರ ಕಣ್ಣಿಗಿಂತ ಮುಂಚೆ ಬೆರಳಿಗೆ ಪರಿಚಯವಾಗುತ್ತದೆ.

ಕಳೆದ ವರ್ಷದ ಕಂತಿನಲ್ಲಿ ಸೊನ್ನೆಯೇ ಕೆಟ್ಟಿತು. ಅನುಸ್ವಾರದ ಸೊನ್ನೆಯನ್ನು ಕೊಯ್ಯುವುದು ಹೀಗೆ: ಮೊದಲು ಒಳಗೊಂದು ತೂತು ಕೊರೆದು, ಅಲಗನ್ನು ಮೇಲಿನ ಹಿಡಿಕೆಯಿಂದ ಬಿಚ್ಚಿ, ತೂತಿನಲ್ಲಿ ಪೋಣಿಸಿ, ಮತ್ತೆ ಬಿಗಿದು ಒಳವೃತ್ತವನ್ನು ತೆಗೆಯಬೇಕು, ಆಮೇಲೆ ಹೊರವೃತ್ತ. ಎರಡೂ ವೃತ್ತಗಳು ಒಂದೇ ಕೇಂದ್ರವನ್ನು ನೆನೆದುಕೊಂಡಿರಬೇಕು. ನಾನು ಕೊಯ್ದದ್ದು ಉದ್ದುದ್ದವಾಗಿತ್ತು, ಅಂಚು ಅಲೆಅಲೆಯಾಗಿತ್ತು. ಪರೀಕ್ಷೆಯಲ್ಲಿ ಸೊನ್ನೆ ಪಡೆದವನಿಗೆ ಕೋಳಿಮೊಟ್ಟೆ ಬಂತು ಎನ್ನುತ್ತಾರಷ್ಟೆ. ನಾನು ಸೊನ್ನೆಯನ್ನೇ ಪರೀಕ್ಷೆಗಿಟ್ಟು ಮೊಟ್ಟೆ ಪಡೆದೆ. ಐದು ಸಲ ಕೊಯ್ದೆ; ಐದೂ ಮೊಟ್ಟೆಗಳೇ.

ಯಂತ್ರ ಮುದಿಯಾಯಿತು ಎಂದು ನಾನು ತೀರ್ಮಾನಿಸಿದೆ. ಬೆಂಗಳೂರಿನಲ್ಲಿರುವ ಮಗ ಅದೇ ರಾತ್ರಿ ಹೊಸ ಯಂತ್ರವೊಂದರ ಚಿತ್ರವನ್ನು ನನ್ನ ಫೋನಿಗೆ ಕಳಿಸಿದ. ಬೆಲೆ 18,000 ರೂಪಾಯಿ. ಮೂರು ದಿನಗಳಲ್ಲಿ ಬಾಗಿಲಿಗೆ ಬರುತ್ತದೆ. ಅವನು ಒಂದು ಸೂತ್ರವನ್ನೂ ಹೇಳಿದ: ರಿಪೇರಿಯ ಖರ್ಚು ಹೊಸದರ ಬೆಲೆಯ ಅರ್ಧವನ್ನು ಮೀರಿದರೆ ಹೊಸದನ್ನೇ ಕೊಳ್ಳಬೇಕು. ಸೂತ್ರ ಲೋಕಪ್ರಸಿದ್ಧವಾದುದು, ಅದರಲ್ಲಿ ವಿವೇಕವಿಲ್ಲವೆಂದಲ್ಲ. ಆದರೆ ಸೂತ್ರಗಳಿಗೆ ವ್ಯಾಖ್ಯಾನ ಬೇಕು. ಕೆಟ್ಟಿರುವುದು ಏನು ಎಂದು ತಿಳಿಯುವ ಮೊದಲು ಖರ್ಚನ್ನು ಹೇಗೆ ಹೇಳುವುದು? ರೋಗ ಯಾವುದೆಂದು ನೋಡದೆ ಔಷಧದ ಬೆಲೆ ಕಟ್ಟಿದ ಹಾಗಾಗುತ್ತದೆ.

ನಮ್ಮ ಹಿರಿಯರು ಈ ಪ್ರಶ್ನೆಯನ್ನು ದೊಡ್ಡ ಸಂಗತಿಗಳಲ್ಲಿ ಕೇಳಿಕೊಂಡವರು. ಪಾಲಿಯ ಮಿಲಿಂದಪಞ್ಹದಲ್ಲಿ ಭಿಕ್ಷು ನಾಗಸೇನ ರಾಜ ಮಿಲಿಂದನನ್ನು ಕೇಳುತ್ತಾನೆ: ನೀನು ರಥದಲ್ಲಿ ಬಂದೆ ಎನ್ನುತ್ತೀಯೆ, ಅಚ್ಚು ರಥವೆ, ಚಕ್ರ ರಥವೆ, ನೊಗ ರಥವೆ? ಯಾವುದೂ ಅಲ್ಲ. ಇವೆಲ್ಲದರ ಕೂಟಕ್ಕೆ ರಥವೆಂಬುದೊಂದು ಹೆಸರು. ಹಾಗಾದರೆ ಒಂದೊಂದು ಭಾಗವನ್ನು ಬದಲಿಸುತ್ತ ಹೋದರೂ ಹೆಸರು ಉಳಿಯಬಹುದು. ಪುರಿಯಲ್ಲಿ ಇದಕ್ಕೆ ಬೇರೊಂದು ಉತ್ತರವುಂಟು. ಅಲ್ಲಿಯ ಜಗನ್ನಾಥ, ಬಲಭದ್ರ, ಸುಭದ್ರೆಯರ ಮೂರ್ತಿಗಳು ಬೇವಿನ ಮರದವು. ಅಧಿಕ ಆಷಾಢ ಬರುವ ಕೆಲವು ವರ್ಷಗಳಲ್ಲಿ ನವಕಳೇಬರವೆಂಬ ಉತ್ಸವ ನಡೆಸಿ ಹೊಸ ಮೂರ್ತಿಗಳನ್ನು ಮಾಡುತ್ತಾರೆ. 1977, 1996, 2015ರಲ್ಲಿ ಹೀಗೆ ಆಯಿತು. ಹಳೆಯ ಮೂರ್ತಿಗಳಿಗೆ ಸಮಾಧಿ. ಆದರೆ ಅವುಗಳೊಳಗಿನ ಬ್ರಹ್ಮಪದಾರ್ಥವನ್ನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಸೇವಕರು ಹೊಸ ಮೂರ್ತಿಗಳಿಗೆ ಸಾಗಿಸುತ್ತಾರೆ. ದೇವರೇ ದೇಹವನ್ನು ಬದಲಿಸಿಕೊಳ್ಳುವಾಗ ಗರಗಸಕ್ಕೇಕೆ ಹಟ ಎಂದು ನೀವು ಕೇಳಬಹುದು. ಹೊಸದನ್ನು ತರುವುದು ತಪ್ಪೆಂದು ನಾನು ಹೇಳುವುದಿಲ್ಲ. ಯಾವುದನ್ನು ಸಾಗಿಸಬೇಕು, ಯಾವುದನ್ನು ಬಿಡಬೇಕು ಎಂಬ ತಿಳಿವು ಮೊದಲು ಬೇಕು, ಅಷ್ಟೆ.

ನಮ್ಮ ಕೆತ್ತನೆಗಾರರಿಗೆ ಆ ತಿಳಿವಿತ್ತು. 1972ರ ವನ್ಯಜೀವಿ ಕಾಯಿದೆಗೆ 1986ರಲ್ಲಿಯೂ 1991ರಲ್ಲಿಯೂ ಆದ ತಿದ್ದುಪಡಿಗಳಿಂದ ದಂತದ ವ್ಯಾಪಾರ ನಿಂತಿತು. ಆನೆಯ ದೃಷ್ಟಿಯಿಂದ ಅದು ಆಗಲೇಬೇಕಾಗಿದ್ದದ್ದು. ಅವರು ಗೊಣಗದೆ ದಂತವಿದ್ದ ಕಡೆ ತಿಳಿಬಣ್ಣದ ಮರವನ್ನು ಕೂರಿಸಿದರು. ವಸ್ತು ಹೋಯಿತು, ಕಸಬು ಉಳಿಯಿತು.

ಆದುದರಿಂದ ನಾನು ಪರೀಕ್ಷೆಗೆ ತೊಡಗಿದೆ. ವಿಮರ್ಶೆಯಲ್ಲಿ ನಾವು ಮೊದಲು ಪಾಠಶುದ್ಧಿಯನ್ನು ನೋಡುತ್ತೇವೆ; ಕವಿಯನ್ನು ದೂರುವ ಮುನ್ನ ಲಿಪಿಕಾರನ ಕೈತಪ್ಪನ್ನು ಹುಡುಕುತ್ತೇವೆ. ಇಲ್ಲಿಯೂ ಹಾಗೆಯೇ; ಸವೆದುಹೋಗಲೆಂದೇ ಇರುವ ಭಾಗಗಳನ್ನು ಮೊದಲು ನೋಡಬೇಕು. ಹೊಸ ಅಲಗು ಹಾಕಿದೆ. ಬಿಗಿಯನ್ನು ಅಳೆಯಲು ಅದನ್ನು ಬೆರಳಿನಿಂದ ಮೀಟಿದೆ; ಸಡಿಲವಾದ ಅಲಗು ಬೊಡ್ಡುದನಿಯಲ್ಲಿ ನುಡಿಯುತ್ತದೆ, ಬಿಗಿಯಾದದ್ದು ತಂಬೂರಿಯ ತಂತಿಯಂತೆ ಸ್ವಚ್ಛವಾಗಿ ನುಡಿಯುತ್ತದೆ. ಮೇಜುಹಲಗೆ ಅಲಗಿಗೆ ಲಂಬವಾಗಿದೆಯೆ ಎಂದು ನೋಡಲು ದಪ್ಪ ತುಂಡೊಂದರಲ್ಲಿ ಸ್ವಲ್ಪವೇ ಗೀರಿ, ತುಂಡನ್ನು ತಿರುಗಿಸಿ ಅಲಗಿನ ಬೆನ್ನಿಗೆ ತಂದೆ. ಅಲಗು ಅದೇ ಗೀರಿನಲ್ಲಿ ಸಲೀಸಾಗಿ ಕುಳಿತಿತು. ಹಲಗೆಯ ದೋಷವಲ್ಲ. ಯಂತ್ರ ನಡೆಯುತ್ತಿರುವಾಗ ಅದರ ಮೇಲೆ ಒಂದು ರೂಪಾಯಿಯ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿದೆ, ಬಿದ್ದುಹೋಯಿತು. ಬೋಲ್ಟುಗಳನ್ನು ಬಿಗಿದು ಯಂತ್ರವನ್ನು ಕಲ್ಲುಚಪ್ಪಡಿಗೆ ಕಚ್ಚಿಸಿದೆ. ಅರ್ಧ ಅದುರು ನಿಂತಿತು. ಎಷ್ಟೋ ಯಂತ್ರಗಳನ್ನು ಅವುಗಳ ಕಾಲುಮಣೆಯ ತಪ್ಪಿಗಾಗಿ ಗುಜರಿಗೆ ಹಾಕುತ್ತೇವೆಂದು ಕಾಣುತ್ತದೆ.

ಆದರೂ ಸೊನ್ನೆ ಮೊಟ್ಟೆಯಾಗಿಯೇ ಉಳಿಯಿತು. ವಿದ್ಯುತ್ತಿನ ತಂತಿಯನ್ನು ಕಿತ್ತು, ಅಲಗು ಹಿಡಿಯುವ ದಂಡವನ್ನು ಕೈಯಿಂದ ಅಲುಗಿಸಿದೆ. ಏರಿಳಿಯಬೇಕಾದ ದಂಡ ಅಕ್ಕಪಕ್ಕಕ್ಕೂ ಓಲಾಡಿತು. ನನಗೆ ಎಲ್ಲಿಲ್ಲದ ಸಂತೋಷವಾಯಿತು. ರೋಗ ಸಿಕ್ಕಿದ್ದಕ್ಕೆ ಇಷ್ಟು ಸಂತೋಷವೇಕೆ ಎಂದು ಆಗ ನಾನು ನನ್ನನ್ನು ಕೇಳಿಕೊಳ್ಳಲಿಲ್ಲ.

ಲೇತ್ ಕೆಲಸದ ಒಬ್ಬ ಮೇಸ್ತ್ರಿ ಬಂದು ನೋಡಿದರು. ಅವರು ಮೊದಲು ತಡಕಿದ್ದು ಎರಕದ ತೋಳನ್ನು. ಎರಕದ ಕಬ್ಬಿಣ ಬಿರುಕುಬಿಟ್ಟರೆ ಬೆಸೆಯುವುದು ಕಷ್ಟ. ಬೆಸೆದರೂ ನಂಬುವುದು ಇನ್ನೂ ಕಷ್ಟ. ಅದು ಬಿರಿದಿದ್ದರೆ ಕೈಮುಗಿದು ಕಳಿಸಿಬಿಡಿ ಎನ್ನುತ್ತಿದ್ದೆ ಎಂದರು. ತೋಳು ಗಟ್ಟಿಯಾಗಿತ್ತು. ಮೋಟಾರು ಸರಿಯಾಗಿತ್ತು. ಸವೆದಿದ್ದದ್ದು ದಂಡ ಜಾರುವ ಕಂಚಿನ ಬುಷ್ಷುಗಳು. ಅವನ್ನು ಲೇತಿನಲ್ಲಿ ಹೊಸದಾಗಿ ಕಡೆಯಬಹುದು. ಮೇಲಿನ ಹಿಡಿಕೆಯ ತಿರುಪಿನ ಎಳೆಗಳೂ ಸವೆದಿದ್ದವು. ಇದು ಯಾಕೆ ಇಷ್ಟು ಸವೆಯಿತು ಎಂದು ಅವರು ಕೇಳಿದರು. ಲೆಕ್ಕ ಹಾಕಿ ನೋಡಿದೆ. ಒಳಗುಳಿಯಿರುವ ಅಕ್ಷರ ಬಂದಾಗಲೆಲ್ಲ ಆ ತಿರುಪನ್ನು ಬಿಚ್ಚಬೇಕು, ಬಿಗಿಯಬೇಕು. ಉಕ್ಕಿನ ತಿರುಪನ್ನು ಕನ್ನಡ ವರ್ಣಮಾಲೆ ಸವೆಸಿತ್ತು! ಭಾಷೆಗೆ ಶಕ್ತಿಯಿಲ್ಲವೆನ್ನುವವರಿಗೆ ಅದನ್ನು ತೋರಿಸಬೇಕೆಂದು ಎತ್ತಿಟ್ಟಿದ್ದೇನೆ.

ಒಟ್ಟು ಖರ್ಚು 2,800 ರೂಪಾಯಿ. ಮಗನ ಸೂತ್ರಕ್ಕೂ ಸಮ್ಮತ. ಭಾಗಗಳನ್ನು ಬಿಚ್ಚಬಹುದಾದಂತೆ ಮಾಡಿದ್ದರಿಂದ ಇದು ಸಾಧ್ಯವಾಯಿತು. ಈಗಿನ ಎಷ್ಟೋ ವಸ್ತುಗಳನ್ನು ತೆರೆಯಲೇ ಬಾರದಂತೆ ಮುಚ್ಚಿರುತ್ತಾರೆ. ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಒಂದು ಸಮಿತಿಯನ್ನು ನೇಮಿಸಿತು. ತನ್ನ ವಸ್ತುವನ್ನು ತಾನೇ ಸರಿಪಡಿಸಿಕೊಳ್ಳುವುದು ಹಕ್ಕೆಂದು ಹೇಳಬೇಕಾದ ಕಾಲವೂ ಬಂದಿತು.

ಯಂತ್ರ ಸಜ್ಜಾದ ಸಂಜೆ ಸೊನ್ನೆಯನ್ನು ಕೊಯ್ಯಲು ಕುಳಿತೆ. ದಂಡ ಓಲಾಡಲಿಲ್ಲ, ನಾಣ್ಯ ನಿಂತಿತು, ಅಲಗು ಹಾಡಿತು. ಸೊನ್ನೆ ಮಾತ್ರ ಮೊಟ್ಟೆಯಾಗಿ ಬಂದಿತು.

ಮೇಸ್ತ್ರಿಯ ಕೆಲಸ ಸರಿಯಿಲ್ಲ ಎಂದೆ. ಮೂವತ್ತು ವರ್ಷಗಳಿಂದ ಈ ಯಂತ್ರದ ಸದ್ದನ್ನು ಬೈಯುತ್ತ ಬಂದಿರುವ ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ನಾನೊಮ್ಮೆ ನೋಡಲೆ ಎಂದಳು. ಮಣೆಯನ್ನು ಬಿಟ್ಟುಕೊಟ್ಟೆ. ಕಣಕವನ್ನು ಲಟ್ಟಿಸುವಾಗಿನ ನಿಧಾನದಿಂದ ಮರವನ್ನು ತಿರುಗಿಸಿದಳು. ನನ್ನ ಪೆನ್ಸಿಲ್ ಗೆರೆಯ ಮೇಲೆಯೇ ಅಲಗು ನಡೆಯಿತು. ಸೊನ್ನೆ ದುಂಡಗೆ ಕೈಗೆ ಬಂದಿತು. ಅವಳು ಏನೂ ಹೇಳಲಿಲ್ಲ. ಹೇಳಿದ್ದರೆ ಜಗಳವಾಡಬಹುದಾಗಿತ್ತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನ ವಿಷಯದಲ್ಲಿ ನೆಲವೂ ಡೊಂಕಾಗಿತ್ತು. ಅದರ ಮರೆಯಲ್ಲಿ ನನ್ನ ಕಾಲು ಅಡಗಿಕೊಂಡಿತ್ತು. ದೋಷಗಳು ಎರಡಿದ್ದವು. ಒಂದಕ್ಕೆ ಬುಷ್ಷು ಸಿಕ್ಕಿತು. ಇನ್ನೊಂದನ್ನು ವೈದ್ಯರಲ್ಲಿಗೆ ಒಯ್ದೆ. ಕೈ ಸುಮ್ಮನಿರುವಾಗ ಕಾಣದೆ ಕೆಲಸಕ್ಕೆ ತೊಡಗಿದಾಗ ಕಾಣಿಸಿಕೊಳ್ಳುವ ನಡುಕ ಇದು, ಭಯಪಡಬೇಕಾದ್ದಲ್ಲ, ಮಾತ್ರೆಯಿಂದ ತುಸು ತಗ್ಗಬಹುದು ಎಂದರು. ಬದಲಿಸುವ ಮಾತನ್ನು ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಈಗ ತಿಳಿಯುತ್ತದೆ, ದಂಡ ಓಲಾಡಿದಾಗ ನನಗೇಕೆ ಸಂತೋಷವಾಯಿತೆಂದು. ಯಂತ್ರ ಮುದಿಯಾಗಿರಲಿ ಎಂದು ನಾನು ಹಾರೈಸುತ್ತಿದ್ದೆ. ಹೊಸದನ್ನು ಕೊಂಡಿದ್ದರೆ ಅಭ್ಯಾಸವಿಲ್ಲ, ಮಾದರಿ ಬೇರೆ ಎಂದು ಇನ್ನೂ ಒಂದೆರಡು ವರ್ಷ ಹೇಳಿಕೊಳ್ಳಬಹುದಾಗಿತ್ತು. 18,000 ರೂಪಾಯಿಗೆ ಅಷ್ಟು ಕಾಲದ ಮರೆವನ್ನು ಕೊಳ್ಳುತ್ತಿದ್ದೆ. ರಿಪೇರಿ ಮಾಡಿಸುವವನು ಕಾರಣವನ್ನು ಹುಡುಕಲೇಬೇಕು. ಹುಡುಕುತ್ತ ಹೋದವನಿಗೆ ತಾನೂ ಎದುರಾಗುವುದುಂಟು.

ಈ ವರ್ಷದ ವರ್ಣಮಾಲೆ ಶಾಲೆಗೆ ಹೋಗಿದೆ. ಅಕ್ಷರಗಳನ್ನು ಹಲಗೆಯ ಮೇಲೆ ಬರೆಯುವವನು ನಾನು. ಪೆನ್ಸಿಲಿನ ಗೆರೆ ನಡುಗಿದರೆ ಅಳಿಸಿ ತಿದ್ದಬಹುದು, ಕೊಯ್ದದ್ದನ್ನು ಕೂಡಿಸಲಾಗದು. ಯಂತ್ರದ ಮುಂದೆ ಕುಳಿತುಕೊಳ್ಳುವವಳು ಅವಳು. ಸದ್ದಿನ ವಿಷಯ ಈಗ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಮೊನ್ನೆ ಳಕಾರವನ್ನು ಮುಗಿಸಿ ಎದ್ದವಳು, ನಿಮ್ಮ ಗೆರೆ ಇಲ್ಲಿ ಸ್ವಲ್ಪ ಸೊಟ್ಟಗಿತ್ತು, ನಾನೇ ಸರಿಮಾಡಿಕೊಂಡೆ ಎಂದಳು. ಒಳ್ಳೆಯದಾಯಿತು ಎಂದೆ.